ಎಕ್ಸ್‌ರೇಯಲ್ಲಿ ಎರಡು ಹೃದಯ: 1996ರ ಒಂದು ಟಿವಿ ಸಿನಿಮಾದ ಪ್ರಕರಣ ಅಧ್ಯಯನ

ಸ್ಯಾನ್ ಫ್ರಾನ್ಸಿಸ್ಕೋದ ಒಂದು ಆಸ್ಪತ್ರೆ. ಗುಂಡೇಟು ತಿಂದ ಮನುಷ್ಯನೊಬ್ಬನನ್ನು ರಾತ್ರಿ ಹೊತ್ತು ತಂದು ಸೇರಿಸಿದ್ದಾರೆ. ಎಕ್ಸ್‌ರೇ ತೆಗೆದರೆ ಎದೆಯೊಳಗೆ ಎರಡು ಹೃದಯ ಕಾಣುತ್ತವೆ. ಯಾರೂ ನಂಬುವುದಿಲ್ಲ. ಒಂದೇ ಫಿಲ್ಮಿನ ಮೇಲೆ ಎರಡು ಸಲ ಚಿತ್ರ ಬಿದ್ದಿರಬೇಕು ಅಂದುಕೊಳ್ಳುತ್ತಾರೆ. ಆಪೆರಾ ನೋಡುತ್ತಾ ಕೂತಿದ್ದ ಹೃದಯ ತಜ್ಞೆಗೆ ಕರೆ ಹೋಗುತ್ತದೆ. ಆಕೆ ಉದ್ದನೆ ಗೌನಿನಲ್ಲೇ ಓಡಿ ಬರುತ್ತಾಳೆ. ರೋಗಿ ಬೇಡ ಬೇಡ ಅಂದರೂ ಮದ್ದು ಕೊಟ್ಟು ಮಲಗಿಸುತ್ತಾರೆ. ಆಕೆ ಹೃದಯದೊಳಕ್ಕೆ ನಳಿಕೆ ಇಳಿಸುತ್ತಾಳೆ, ಅದು ದಾರಿ ತಪ್ಪುತ್ತದೆ. ಒಳಗಿನ ದಾರಿಯೇ ಬೇರೆ ಇದೆ. ರೋಗಿ ಸಾಯುತ್ತಾನೆ. ಅದೇ ರಾತ್ರಿ ಶವಾಗಾರದಲ್ಲಿ ಅವನು ಬೇರೆ ಮುಖ ಹೊತ್ತು ಎದ್ದು ಕೂರುತ್ತಾನೆ.

ಕಥೆ ಶುರುಮಾಡುವುದಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಬೇಕಾ? ಆದರೆ ಈ ಸಿನಿಮಾ ಶುರುವಾಗುವುದು ಇಲ್ಲಿಂದಲ್ಲ. ಈ ದೃಶ್ಯ ಬರುವಷ್ಟರಲ್ಲಿ ರೋಗಿ ಯಾರು, ಯಾವ ಗ್ರಹದವನು, ಅವನ ವೈರಿ ಯಾರು, ಅವನ ಕುಲದವರಿಗೆ ಎಷ್ಟು ಜನ್ಮ ಅಂತ ಎಲ್ಲವನ್ನೂ ನಮಗೆ ಹೇಳಿ ಮುಗಿಸಿರುತ್ತಾರೆ. ವೈದ್ಯರು ಎಕ್ಸ್‌ರೇ ನೋಡಿ ತಲೆ ಕೆರೆದುಕೊಳ್ಳುವಾಗ ನಾವು ಸುಮ್ನೆ ಕಾಯುತ್ತಾ ಕೂತಿರುತ್ತೇವೆ.

1996ರ 'ಡಾಕ್ಟರ್ ಹೂ' ಟಿವಿ ಸಿನಿಮಾವನ್ನು ಪ್ರಕರಣವಾಗಿ ತೆಗೆದುಕೊಂಡದ್ದಕ್ಕೆ ಈ ಎಕ್ಸ್‌ರೇಯೇ ಕಾರಣ. ಸರಣಿಯ ಹೆಸರನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ, ನೀಲಿ ಪೆಟ್ಟಿಗೆ ಅಂದರೆ ಸಾಕು, ಬಲ್ಲವರಿಗೆ ಗೊತ್ತಾಗಿಬಿಡುತ್ತದೆ. ಆದರೆ ತೆರೆಯ ಹಿಂದೆ ಕೂತು ತೀರ್ಮಾನ ಮಾಡಿದವರ ಹೆಸರು ಹೇಳುವುದಿಲ್ಲ. ನಿರ್ಮಾಪಕ, ಬರಹಗಾರ, ವಾಹಿನಿಯವರು ಅಂತ ಕೆಲಸದ ಹೆಸರಿನಿಂದಲೇ ಕರೆಯುತ್ತೇನೆ. ಯಾರ ಮೇಲೂ ತಪ್ಪು ಹೊರಿಸುವ ಉದ್ದೇಶ ನನಗಿಲ್ಲ. ಅವರ ಜಾಗದಲ್ಲಿ ನಾವಿದ್ದಿದ್ದರೆ ಬಹುಶಃ ಅದನ್ನೇ ಮಾಡುತ್ತಿದ್ದೆವು. ಹಾಗಾಗಿಯೇ ಇದನ್ನು ಬಿಡಿಸಿ ನೋಡಬೇಕು ಅನ್ನಿಸಿತು.

ಹಿನ್ನೆಲೆ

'ಡಾಕ್ಟರ್ ಹೂ' ಶುರುವಾದದ್ದು 1963ರ ನವೆಂಬರ್ 23ರಂದು, ಬಿಬಿಸಿಯಲ್ಲಿ. ಡಾಕ್ಟರ್ ಎಂಬ ಅನ್ಯಗ್ರಹದವನು ಒಂದು ನೀಲಿ ಪೆಟ್ಟಿಗೆಯಲ್ಲಿ ಕಾಲದ ಹಿಂದಕ್ಕೂ ಮುಂದಕ್ಕೂ ಓಡಾಡುತ್ತಾನೆ. ಪೆಟ್ಟಿಗೆಯ ಹೆಸರು ಟಾರ್ಡಿಸ್. ಹೊರಗಿನಿಂದ ಪೊಲೀಸರ ಫೋನ್ ಗೂಡು, ಒಳಗೆ ಅರಮನೆಯಷ್ಟು ಜಾಗ. 1966ರಲ್ಲಿ ಮುಖ್ಯ ನಟ ಬಿಡಬೇಕಾಗಿ ಬಂತು. ಆಗ ಒಂದು ಉಪಾಯ ಹುಡುಕಿದರು. ಡಾಕ್ಟರ್ ಸಾಯುವ ಹೊತ್ತಿಗೆ, ಹಾವು ಪೊರೆ ಬಿಟ್ಟ ಹಾಗೆ, ಹಳೇ ದೇಹ ಬಿಟ್ಟು ಹೊಸದಕ್ಕೆ ಬರುತ್ತಾನೆ. ನಟ ಬದಲಾದರೂ ಪಾತ್ರ ಅದೇ. ಈ ಒಂದು ಉಪಾಯದಿಂದ ಸರಣಿ 26 ಸೀಸನ್ ಓಡಿತು. 1989ರ ಡಿಸೆಂಬರ್ 6ಕ್ಕೆ ಕೊನೆಯ ಕಂತು ಬಂತು. ನಿಲ್ಲಿಸಿದ್ದೇವೆ ಅಂತ ಬಿಬಿಸಿ ಡಂಗುರ ಹೊಡೆಯಲಿಲ್ಲ. ಮುಂದಿನ ವರ್ಷ ಮಾಡಲಿಲ್ಲ, ಅಷ್ಟೇ.

ಅದೇ ಹೊತ್ತಿಗೆ ಹಾಲಿವುಡ್ಡಿನಲ್ಲಿ ಒಬ್ಬ ನಿರ್ಮಾಪಕ ಇದ್ದರು. ಹುಟ್ಟಿದ್ದು ಇಂಗ್ಲೆಂಡಿನಲ್ಲಿ, ಚಿಕ್ಕಂದಿನಲ್ಲಿ ಈ ಸರಣಿ ನೋಡಿ ಬೆಳೆದವರು. ಇದನ್ನು ಅಮೆರಿಕದಲ್ಲಿ ಮತ್ತೆ ಎಬ್ಬಿಸಬೇಕು ಅಂತ 1989ರಿಂದಲೇ ಬಿಬಿಸಿಯ ಬೆನ್ನು ಬಿದ್ದರು. ನಡುವೆ ಕಂಪನಿ ಬದಲಾಯಿಸಿದರು, ಆಸೆ ಮಾತ್ರ ಬಿಡಲಿಲ್ಲ. ಹಕ್ಕುಪತ್ರದ ಮಾತುಕತೆ ವರ್ಷಗಟ್ಟಲೆ ಎಳೆಯಿತು. ಕೊನೆಗೆ ಯೂನಿವರ್ಸಲ್ ಸ್ಟುಡಿಯೋ, ಬಿಬಿಸಿ ಮತ್ತು ಫಾಕ್ಸ್ ವಾಹಿನಿ ಮೂರೂ ಸೇರಿದವು. 1996ರ ಜನವರಿ-ಫೆಬ್ರುವರಿಯಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ಚಿತ್ರೀಕರಣ ನಡೆಯಿತು. ಕಥೆ ನಡೆಯುವುದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ, ಕ್ಯಾಮೆರಾ ಇದ್ದದ್ದು ವ್ಯಾಂಕೂವರ್‌ನಲ್ಲಿ. ಆ ಕಾಲದ ಅಮೆರಿಕದ ಟಿವಿಗೆ ಇದು ಮಾಮೂಲು.

ಹೊಸ ಡಾಕ್ಟರ್ ಆಗಿ ಬಂದವರು ಪಾಲ್ ಮೆಕ್‌ಗ್ಯಾನ್. 1987ರಿಂದ 1989ರವರೆಗೆ ಡಾಕ್ಟರ್ ಆಗಿದ್ದ ಸಿಲ್ವೆಸ್ಟರ್ ಮೆಕಾಯ್ ಸಾಯುವುದಕ್ಕಾಗಿ ವಾಪಸ್ ಬಂದರು. ವೈರಿ 'ಮಾಸ್ಟರ್' ಆಗಿ ಎರಿಕ್ ರಾಬರ್ಟ್ಸ್. ಹೃದಯ ತಜ್ಞೆ ಗ್ರೇಸ್ ಆಗಿ ಡ್ಯಾಫ್ನಿ ಆಷ್‌ಬ್ರೂಕ್.

ತೊಡಕು ಎಲ್ಲಿತ್ತು

ಫಾಕ್ಸ್‌ನಲ್ಲಿ ಆಗ ಧಾರಾವಾಹಿಗಳ ವಿಭಾಗ ಬೇರೆ, ಟಿವಿ ಸಿನಿಮಾಗಳ ವಿಭಾಗ ಬೇರೆ. ಇದನ್ನು ಕೈಗೆತ್ತಿಕೊಂಡದ್ದು ಸಿನಿಮಾ ವಿಭಾಗ. ಅಂದರೆ ಸರಣಿಗೆ ಹಸಿರು ನಿಶಾನೆ ಸಿಗಲಿಲ್ಲ. ಎರಡು ಗಂಟೆಯ ಜಾಗ ತುಂಬುವ ಒಂದು ಸಿನಿಮಾ ಸಿಕ್ಕಿತು. ಚೆನ್ನಾಗಿ ಓಡಿದರೆ ಸರಣಿಯ ವಿಚಾರ ಆಮೇಲೆ. ಜಾಹೀರಾತಿನ ಹೊತ್ತು ಕಳೆದು ಕೈಗೆ ಸಿಕ್ಕಿದ್ದು 89 ನಿಮಿಷ.

ನಮ್ಮ ಕನ್ನಡ ವಾಹಿನಿಗಳ ಮಹಾಸಂಚಿಕೆ ನೆನಪಿಸಿಕೊಳ್ಳಿ. ಅದೂ ಒಂದೇ ಏಟಿಗೆ ಗಂಟೆಗಟ್ಟಲೆ ಬರುತ್ತದೆ. ಆದರೆ ಅದರ ಹಿಂದೆ ದಿನಾ ಓಡುವ ಧಾರಾವಾಹಿ ಇರುತ್ತದೆ. ಅತ್ತೆ ಯಾರು, ಸೊಸೆ ಯಾರು, ಯಾರು ಯಾರ ಮೇಲೆ ಹಲ್ಲು ಮಸೆಯುತ್ತಿದ್ದಾರೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಈ ಸಿನಿಮಾದ ಹಿಂದೆ ಓಡುತ್ತಿರುವ ಸರಣಿಯೇ ಇರಲಿಲ್ಲ. ಅದು ನಿಂತು ಆರು ವರ್ಷ ದಾಟಿತ್ತು. ಅಮೆರಿಕದಲ್ಲಿ ಅದನ್ನು ಸರ್ಕಾರಿ ನೆರವಿನ ಸಣ್ಣ ಸ್ಟೇಷನ್‌ಗಳಲ್ಲಿ ನೋಡಿದ ಅಭಿಮಾನಿಗಳಿದ್ದರು, ನಿಜ. ಆದರೆ ಮಂಗಳವಾರ ರಾತ್ರಿ ಫಾಕ್ಸ್ ಹಾಕುವ ಕೋಟ್ಯಂತರ ಜನ ಅವರಲ್ಲ.

ಹೀಗಾಗಿ 89 ನಿಮಿಷದಲ್ಲಿ ಮೂರು ಕೆಲಸ ಆಗಬೇಕಿತ್ತು. ಹಳೇ ಅಭಿಮಾನಿಗೆ ಇದು ನಮ್ಮದೇ ಕಥೆಯ ಮುಂದುವರಿಕೆ ಅನ್ನಿಸಬೇಕು. ಹೆಸರೇ ಕೇಳದವನಿಗೆ ಅರ್ಥವಾಗಬೇಕು. ಜೊತೆಗೆ, ಮುಂದೆ ಏನೂ ಬರದಿದ್ದರೂ ಒಂದು ರಾತ್ರಿಯ ಸಿನಿಮಾ ಆಗಿ ತೃಪ್ತಿ ಕೊಡಬೇಕು. ಎರಡು ದೋಣಿಯ ಮೇಲೆ ಕಾಲಿಡುವುದೇ ಕಷ್ಟ, ಇಲ್ಲಿ ಮೂರು ದೋಣಿ.

ಮಾಡಿದ ತೀರ್ಮಾನಗಳು

ಮೊದಲನೆಯದು, ಆ ಸಿನಿಮಾ ಅವಕಾಶಕ್ಕೆ ಒಪ್ಪಿಕೊಂಡದ್ದು. ಏಳು ವರ್ಷ ಬಾಗಿಲು ತಟ್ಟಿದವರಿಗೆ ಒಂದು ಬಾಗಿಲು ಅರ್ಧ ತೆರೆದರೆ ಯಾರು ಬೇಡ ಅನ್ನುತ್ತಾರೆ? ಆದರೆ ಇದರ ಜೊತೆಗೇ ಬಂದ ಒಂದು ಷರತ್ತನ್ನು ಎಷ್ಟು ಜನ ಗಮನಿಸಿದರೋ ಗೊತ್ತಿಲ್ಲ. ಸರಣಿಯಾದರೆ ಮೊದಲ ವಾರ ಸೋತರೂ ಮೂರನೇ ವಾರ ಚೇತರಿಸಿಕೊಳ್ಳಬಹುದು. ಸಿನಿಮಾಗೆ ಇರುವುದು ಒಂದೇ ರಾತ್ರಿ.

ಎರಡನೆಯದು ಹೊಸದಾಗಿ ಶುರುಮಾಡುವುದಾ, ಮುಂದುವರಿಸುವುದಾ ಎಂಬ ಪ್ರಶ್ನೆ. ಮೊದಮೊದಲ ಕರಡುಗಳು ಎಲ್ಲವನ್ನೂ ಹೊಸದಾಗಿ ಕಟ್ಟುವ ದಾರಿ ಹಿಡಿದಿದ್ದವು. ಅವುಗಳಲ್ಲಿ ಡಾಕ್ಟರ್ ತನ್ನ ಕಳೆದುಹೋದ ತಂದೆಯನ್ನು ಹುಡುಕಿಕೊಂಡು ಹೊರಡುತ್ತಾನೆ. ಬರಹಗಾರರು ಒಬ್ಬರಾದ ಮೇಲೆ ಒಬ್ಬರು ಬದಲಾದರು. ಕೊನೆಯ ಬರಹಗಾರರು ಬಂದಾಗ ಆ ದಾರಿ ಕೈಬಿಟ್ಟು, 1989ಕ್ಕೆ ನಿಂತ ಕಥೆಯನ್ನೇ ಮುಂದುವರಿಸಿದರು.

ಅಭಿಮಾನಿಗಳ ದೃಷ್ಟಿಯಲ್ಲಿ ಇದು ದೊಡ್ಡ ಗೌರವ. ಹಳೇ 26 ಸೀಸನ್ ಸುಳ್ಳಾಗಲಿಲ್ಲ. ಆದರೆ ಹಳೇ ಕರಡುಗಳ ಚೂರುಪಾರು ಹೊಸದರಲ್ಲಿ ಉಳಿದುಕೊಂಡವು. ಡಾಕ್ಟರ್ ತಾಯಿಯ ಕಡೆಯಿಂದ ಅರ್ಧ ಮನುಷ್ಯ ಎಂಬ ಮಾತು ಅಂಥದ್ದು. ತಂದೆ-ತಾಯಿಯ ಕಥೆಯಲ್ಲಿ ಅದಕ್ಕೊಂದು ಜಾಗ ಇತ್ತು. ಆ ಕಥೆ ಹೋದ ಮೇಲೆ ಅದು ಅನಾಥ. ಹೊಸ ನೋಡುಗನಿಗೆ ಅದರಿಂದ ಏನೂ ಸಿಗಲಿಲ್ಲ, ಹಳೇ ಅಭಿಮಾನಿಗೆ ಗಂಟಲಲ್ಲಿ ಮುಳ್ಳಾಯಿತು. ಮೂವತ್ತು ವರ್ಷವಾಗುತ್ತಾ ಬಂತು, ಆ ಒಂದು ಮಾತಿನ ಮೇಲೆ ಅಭಿಮಾನಿಗಳು ಇನ್ನೂ ಜಗಳ ಆಡುತ್ತಾರೆ.

ಮೂರನೆಯದೇ ನನ್ನ ಪ್ರಕಾರ ಪ್ರಕರಣದ ತಿರುಳು. ಹಳೇ ಡಾಕ್ಟರ್‌ನನ್ನು ತೋರಿಸಿ, ಅವನು ಸತ್ತು, ಹೊಸಬ ಹುಟ್ಟುವುದನ್ನು ತೆರೆಯ ಮೇಲೆ ತರುವುದು. ಮೆಕಾಯ್‌ಗೆ ಸರಿಯಾದ ಬೀಳ್ಕೊಡುಗೆ ಸಿಕ್ಕಿರಲಿಲ್ಲ. ಅದನ್ನು ಕೊಡಬೇಕು ಅನ್ನುವುದು ನಿರ್ಮಾಪಕರ ಮನಸ್ಸಿನಲ್ಲಿತ್ತು. ಹೃದಯ ಇರುವ ತೀರ್ಮಾನ. ಇದರ ಬೆಲೆ ಎಷ್ಟಾಯಿತು ಅಂತ ನೋಡೋಣ.

ಸಿನಿಮಾದ ಮೊದಲ ಒಂದೆರಡು ನಿಮಿಷದಲ್ಲಿ ಹಿನ್ನೆಲೆ ದನಿಯೊಂದು ಹೇಳುವುದು ಇಷ್ಟು. ಸ್ಕಾರೋ ಎಂಬ ಗ್ರಹ ಇದೆ. ಅಲ್ಲಿ ಮಾಸ್ಟರ್ ಎಂಬ ವೈರಿಯ ವಿಚಾರಣೆ ನಡೆದು ಅವನಿಗೆ ಮರಣದಂಡನೆ ಆಗಿದೆ. ತನ್ನ ಅವಶೇಷವನ್ನು ಡಾಕ್ಟರ್ ಎಂಬವನೇ ಒಯ್ಯಬೇಕು ಅಂತ ಅವನು ಕೇಳಿಕೊಂಡಿದ್ದಾನೆ. ಡಾಕ್ಟರ್ ಕೂಡ ಅವನ ಹಾಗೇ ಟೈಮ್ ಲಾರ್ಡ್ ಎಂಬ ಕುಲದವನು. ಅವರ ತಾಯ್ನಾಡು ಗ್ಯಾಲಿಫ್ರೇ. ಟೈಮ್ ಲಾರ್ಡ್‌ಗಳಿಗೆ 13 ಜನ್ಮ, ಮಾಸ್ಟರ್ ಎಲ್ಲವನ್ನೂ ಮುಗಿಸಿದ್ದಾನೆ. ಇದರ ಜೊತೆಗೆ ಸರಣಿಯ ಹಳೇ ವೈರಿಗಳಾದ ಡೇಲೆಕ್‌ಗಳ ದನಿ ಕೇಳುತ್ತದೆ, ರೂಪ ಮಾತ್ರ ಕಾಣುವುದಿಲ್ಲ.

ಹೆಣ್ಣು ನೋಡಲು ಬಂದವರು ಇನ್ನೂ ಕಾಲು ತೊಳೆದಿಲ್ಲ. ಅಷ್ಟರಲ್ಲಿ ಅಜ್ಜನ ಅಜ್ಜನಿಂದ ಹಿಡಿದು ಆಸ್ತಿ ಜಗಳದವರೆಗೆ ವಂಶಾವಳಿ ಒಪ್ಪಿಸಿಬಿಟ್ಟ ಹಾಗೆ ಆಯಿತು. ಹುಡುಗಿ ಇನ್ನೂ ಒಳಗೇ ಇದ್ದಾಳೆ.

ಇನ್ನೂ ಒಂದು ವಿಚಿತ್ರ ಇದೆ. ಆ ಹಿನ್ನೆಲೆ ದನಿ ಮೆಕ್‌ಗ್ಯಾನ್‌ದು. ತೆರೆಯ ಮೇಲೆ ಕಾಣುವ ಡಾಕ್ಟರ್ ಮೆಕಾಯ್. ಇಬ್ಬರೂ ಒಬ್ಬರೇ ಅಂತ ಹಳೇ ಅಭಿಮಾನಿಗೆ ಹೊಳೆಯುತ್ತದೆ. ಹೊಸಬನಿಗೆ? ಮಾತಾಡುತ್ತಿರುವವನು ಯಾರು, ಕುರ್ಚಿಯಲ್ಲಿ ಚಹಾ ಕುಡಿಯುತ್ತಾ ಪುಸ್ತಕ ಓದುತ್ತಿರುವವನು ಯಾರು? ಅದು ಅರ್ಥವಾಗುವ ಮೊದಲೇ ಆ ಕುರ್ಚಿಯವನಿಗೆ ಗುಂಡು ತಗಲುತ್ತದೆ, ಅವನು ಸಾಯುತ್ತಾನೆ. ನಾವು ಪ್ರೀತಿಸಬೇಕಾದ ನಾಯಕ ಮುಖ ತೋರಿಸುವಷ್ಟರಲ್ಲಿ ಸುಮಾರು ಇಪ್ಪತ್ತು ನಿಮಿಷ ಕಳೆದಿರುತ್ತದೆ. 89ರಲ್ಲಿ 20. ಅಷ್ಟರಲ್ಲಿ ರಿಮೋಟ್ ಎಷ್ಟು ಕೈ ಬದಲಾಗಿರಬಹುದು.

ಮರುಹುಟ್ಟಿನ ದೃಶ್ಯ ಮಾತ್ರ ಚೆನ್ನಾಗಿದೆ. ಶವಾಗಾರದ ಕೆಲಸಗಾರ ಟಿವಿಯಲ್ಲಿ 1931ರ 'ಫ್ರಾಂಕೆನ್‌ಸ್ಟೈನ್' ನೋಡುತ್ತಿರುತ್ತಾನೆ. ಅಲ್ಲಿ ಸೃಷ್ಟಿಯಾದ ಜೀವಿಯ ಕೈ ಅಲುಗುತ್ತದೆ, ಇಲ್ಲಿ ಡಾಕ್ಟರ್‌ನ ಮುಖ ಬದಲಾಗುತ್ತದೆ. ಅತ್ತ ಮಾಸ್ಟರ್ ಆಂಬುಲೆನ್ಸ್ ನೌಕರನೊಬ್ಬನ ಬಾಯೊಳಗೆ ಹಾವಿನಂತೆ ನುಗ್ಗಿ ಅವನ ದೇಹ ಹಿಡಿಯುತ್ತಾನೆ. ಪರಕಾಯ ಪ್ರವೇಶದ ಕಥೆ ಕೇಳಿ ಬೆಳೆದ ನಮಗೆ ಇದಕ್ಕೆ ವಿವರಣೆ ಬೇಕಾಗಿಲ್ಲ. ಈ ಭಾಗಕ್ಕೆ ಹಳೇ ಸರಣಿಯ ಪರಿಚಯವೂ ಬೇಕಾಗಿಲ್ಲ. ಯಾವ ವಂಶಾವಳಿಯೂ ಇಲ್ಲದೆ ನೆಟ್ಟಗೆ ನಿಲ್ಲುವ ದೃಶ್ಯಗಳು ಇವು. ಪೊಲೀಸನ ಪಿಸ್ತೂಲು ಕಿತ್ತುಕೊಂಡು ಡಾಕ್ಟರ್ ತನ್ನ ಎದೆಗೇ ಹಿಡಿದುಕೊಂಡು, ಬೈಕಿನ ಕೀಲಿ ಕೊಡದಿದ್ದರೆ ನನ್ನನ್ನೇ ಸುಟ್ಟುಕೊಳ್ಳುತ್ತೇನೆ ಅಂತ ಹೆದರಿಸುವ ದೃಶ್ಯವೂ ಅಂಥದ್ದೇ. ಇವನು ಎಂಥ ಮನುಷ್ಯ ಅಂತ ಅರ್ಧ ನಿಮಿಷದಲ್ಲಿ ಗೊತ್ತಾಗುತ್ತದೆ. ಗ್ಯಾಲಿಫ್ರೇ ಎಲ್ಲಿದ್ದರೆ ನಮಗೇನು?

ನಾಲ್ಕನೆಯ ತೀರ್ಮಾನ ಅವರ ಕೈಯಲ್ಲಿ ಪೂರ್ತಿ ಇರಲಿಲ್ಲ. ಪ್ರಸಾರದ ದಿನ. ಫಾಕ್ಸ್ ಇದನ್ನು 1996ರ ಮೇ 14, ಮಂಗಳವಾರ ರಾತ್ರಿ 8ಕ್ಕೆ ಇಟ್ಟಿತು. ಆ ಕಾಲದಲ್ಲಿ ಅಮೆರಿಕದ ವಾಹಿನಿಗಳಿಗೆ ಮೇ ತಿಂಗಳು ಪರೀಕ್ಷೆಯ ತಿಂಗಳಾಗಿತ್ತು. ಆಗ ಅಳೆದ ವೀಕ್ಷಕರ ಲೆಕ್ಕದ ಮೇಲೆ ಜಾಹೀರಾತಿನ ದರ ನಿಲ್ಲುತ್ತಿತ್ತು. ಎಲ್ಲರೂ ತಮ್ಮ ಹತ್ತಿರ ಇರುವ ಒಳ್ಳೆಯ ಸರಕನ್ನು ಆಗಲೇ ಅಂಗಡಿಯ ಮುಂದಿಡುತ್ತಿದ್ದರು. ಎದುರಿಗೆ ಎಬಿಸಿಯಲ್ಲಿ 'ರೋಸ್ಯಾನ್' ಇತ್ತು. ಮನೆಮಂದಿಯೆಲ್ಲ ನೋಡುತ್ತಿದ್ದ ಧಾರಾವಾಹಿ. ಅದರಲ್ಲಿ ಆಗ ಮನೆಯ ಯಜಮಾನನಿಗೆ ಹೃದಯಾಘಾತವಾದ ಕಥೆ ಓಡುತ್ತಿತ್ತು. ಎಂಟು ವರ್ಷದಿಂದ ಗೊತ್ತಿರುವ ಮನುಷ್ಯನ ಒಂದು ಹೃದಯ ಒಂದು ಕಡೆ. ಈಗಷ್ಟೇ ಕಂಡ ಅಪರಿಚಿತನ ಎರಡು ಹೃದಯ ಇನ್ನೊಂದು ಕಡೆ. ಜನ ಯಾವುದನ್ನು ನೋಡುತ್ತಾರೆ?

ಏನಾಯಿತು

ಮೊದಲು ತೆರೆ ಕಂಡದ್ದು ಕೆನಡಾದ ಎಡ್ಮಂಟನ್‌ನಲ್ಲಿ, ಮೇ 12ಕ್ಕೆ. ಎರಡು ದಿನ ಬಿಟ್ಟು ಅಮೆರಿಕದಲ್ಲಿ. ಅಲ್ಲಿ ನೋಡಿದವರು ಸುಮಾರು 56 ಲಕ್ಷ. ಆ ಹೊತ್ತಿಗೆ ಟಿವಿ ಹಾಕಿದ್ದವರಲ್ಲಿ ಶೇಕಡಾ 9. ಫಾಕ್ಸ್‌ಗೆ ಇದು ಸಾಲಲಿಲ್ಲ. ಸರಣಿಯ ಮಾತು ಅಲ್ಲಿಗೇ ನಿಂತಿತು.

ಬ್ರಿಟನ್ನಿನಲ್ಲಿ ಮೇ 27ಕ್ಕೆ ಬಂತು. ಬ್ಯಾಂಕ್ ರಜೆಯ ಸೋಮವಾರ, ರಾತ್ರಿ 8.30ಕ್ಕೆ, ಬಿಬಿಸಿ ಒಂದರಲ್ಲಿ. ಅದಕ್ಕೆ ಒಂದು ವಾರ ಮೊದಲು, ಮೇ 20ರಂದು, ಮೂರನೇ ಡಾಕ್ಟರ್ ಆಗಿದ್ದ ಜಾನ್ ಪರ್ಟ್ವಿ ತೀರಿಕೊಂಡಿದ್ದರು. ಪ್ರಸಾರದಲ್ಲಿ ಅವರಿಗೆ ಅರ್ಪಣೆ ಸೇರಿಸಿದರು. ಆ ಮಾರ್ಚ್‌ನಲ್ಲಿ ಸ್ಕಾಟ್ಲೆಂಡಿನ ಡನ್‌ಬ್ಲೇನ್ ಶಾಲೆಯಲ್ಲಿ ಒಬ್ಬ ಗುಂಡು ಹಾರಿಸಿ 16 ಮಕ್ಕಳನ್ನೂ ಅವರ ಶಿಕ್ಷಕಿಯನ್ನೂ ಕೊಂದಿದ್ದ. ಹಾಗಾಗಿ ಗುಂಡಿನ ಕಾಳಗದ ಭಾಗವನ್ನು ಅಲ್ಲಿ ಕತ್ತರಿಸಿ ಹಾಕಿದರು. ಇಷ್ಟಾದರೂ ಅವತ್ತು ನೋಡಿದವರು 90 ಲಕ್ಷಕ್ಕೂ ಜಾಸ್ತಿ. 1989ರ ಕೊನೆಯ ಸೀಸನ್‌ಗೆ ಬರುತ್ತಿದ್ದವರ ಸುಮಾರು ಎರಡರಷ್ಟು.

ಈ ಎರಡು ಅಂಕಿಯನ್ನು ಪಕ್ಕಪಕ್ಕ ಇಟ್ಟು ನೋಡಿ. ಆರು ಕೋಟಿಯೂ ತುಂಬದ ದೇಶದಲ್ಲಿ 90 ಲಕ್ಷ. 26 ಕೋಟಿ ದಾಟಿದ ದೇಶದಲ್ಲಿ 56 ಲಕ್ಷ. ಒಂದು ಕಡೆ ಹಬ್ಬ, ಇನ್ನೊಂದು ಕಡೆ ನೀರಸ. ಆದರೆ ಮುಂದೆ ಮಾಡುವುದಾ ಬೇಡವಾ ಅನ್ನುವ ಅಧಿಕಾರ ಇದ್ದದ್ದು ನೀರಸವಾದ ಕಡೆಗೆ! ಹಬ್ಬ ಮಾಡಿದವರ ಹತ್ತಿರ ಹಕ್ಕೇ ಇರಲಿಲ್ಲ. ಯೂನಿವರ್ಸಲ್ ಜೊತೆಗಿನ ಒಪ್ಪಂದ 1997ರ ಕೊನೆಯವರೆಗೂ ಇತ್ತು. ಅಲ್ಲಿಯವರೆಗೆ ಬೇರೆ ವಾಹಿನಿ ಸಿಗಲಿಲ್ಲ. ಬಿಬಿಸಿ ತಾನೇ ಮಾಡುತ್ತೇನೆ ಅನ್ನುವ ಸ್ಥಿತಿಯಲ್ಲೂ ಇರಲಿಲ್ಲ.

ಈ ಪ್ರಕರಣದಲ್ಲಿ ನಿಜವಾದ ತಿರುವು ಮೇ 14ರ ರಾತ್ರಿ ಬಂತು ಅಂತ ಎಲ್ಲರೂ ಹೇಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಹಕ್ಕುಪತ್ರಕ್ಕೆ ಸಹಿ ಬಿದ್ದ ದಿನವೇ ಅದು ಬಂದಿತ್ತು. ಯಾರಿಗೆ ಈ ಕಥೆ ಬೇಕಾಗಿತ್ತೋ ಅವರ ಮೆಚ್ಚುಗೆಗೆ ಲೆಕ್ಕದಲ್ಲಿ ಜಾಗವೇ ಇಲ್ಲದ ಹಾಗೆ ಏರ್ಪಾಡು ಆಗಿತ್ತು. ಬರಹಗಾರ ಎಷ್ಟು ಚೆನ್ನಾಗಿ ಬರೆದಿದ್ದರೂ ಈ ಏರ್ಪಾಡು ಬದಲಾಗುತ್ತಿರಲಿಲ್ಲ. ಅದೇ ಕಾಗದಪತ್ರದ ಗೋಜಲಿನಿಂದ ಅಮೆರಿಕದ ಅಂಗಡಿಗಳಿಗೆ ಈ ಸಿನಿಮಾದ ಡಿವಿಡಿ ಬಂದದ್ದು 2011ರಲ್ಲಿ, ಪ್ರಸಾರವಾಗಿ ಹದಿನೈದು ವರ್ಷದ ಮೇಲೆ. ಅಮೆರಿಕದವರಿಗಾಗಿ ಮಾಡಿದ ಸಿನಿಮಾವನ್ನು ಅಮೆರಿಕದವರೇ ಕೊಳ್ಳುವ ಹಾಗಿರಲಿಲ್ಲ.

ಸೋತ ಮೇಲೆ ಉಳಿದದ್ದು

ಮೆಕ್‌ಗ್ಯಾನ್ ಆಗ ತೆರೆಯ ಮೇಲೆ ಡಾಕ್ಟರ್ ಆಗಿದ್ದದ್ದು ಒಂದೇ ಒಂದು ರಾತ್ರಿ, ಅದೂ ಒಂದು ಗಂಟೆ ಚಿಲ್ಲರೆ. ಆದರೆ ಎಂಟನೇ ಡಾಕ್ಟರ್ ಎಂಬ ಪಟ್ಟ ಅವರಿಗೆ ಸಿಕ್ಕಿಬಿಟ್ಟಿತ್ತು. ಹಳೇ ಕಥೆಯನ್ನು ಮುಂದುವರಿಸುವ ತೀರ್ಮಾನ ಅಮೆರಿಕದಲ್ಲಿ ಭಾರವಾಯಿತು ಅಂದೆನಲ್ಲ, ಅದೇ ತೀರ್ಮಾನ ಇಲ್ಲಿ ಕೈಹಿಡಿಯಿತು. ಎಲ್ಲವನ್ನೂ ಹೊಸದಾಗಿ ಕಟ್ಟಿ ಸೋತಿದ್ದರೆ ಇದು ಬೇರೆಯೇ ಒಂದು ತಪ್ಪಿದ ಪ್ರಯೋಗ ಆಗಿ ಮರೆತುಹೋಗುತ್ತಿತ್ತು. ಮುಂದುವರಿಕೆ ಆದದ್ದರಿಂದ ಸರಪಳಿಯ ಒಂದು ಕೊಂಡಿ ಆಯಿತು. ಕೊಂಡಿಯನ್ನು ತೆಗೆದುಹಾಕುವ ಹಾಗಿಲ್ಲ.

ಬಿಬಿಸಿಯ ಪುಸ್ತಕ ವಿಭಾಗ 1997ರಿಂದ ಎಂಟನೇ ಡಾಕ್ಟರ್‌ನ ಕಾದಂಬರಿಗಳನ್ನು ತಂದಿತು. ಎಪ್ಪತ್ತಕ್ಕೂ ಜಾಸ್ತಿ ಬಂದವು. 2001ರ ಜನವರಿಯಿಂದ ಬಿಗ್ ಫಿನಿಶ್ ಎಂಬ ಕಂಪನಿ ಮೆಕ್‌ಗ್ಯಾನ್ ದನಿಯಲ್ಲಿ ಆಡಿಯೋ ನಾಟಕಗಳನ್ನು ಮಾಡತೊಡಗಿತು. ತೆರೆಯ ಮೇಲೆ ಸಿಗದ ಆಯಸ್ಸು ಕಿವಿಯಲ್ಲಿ ಸಿಕ್ಕಿತು. ಒಂದು ರಾತ್ರಿಯ ನಾಯಕ ವರ್ಷಗಟ್ಟಲೆ ಬದುಕಿದ.

ಇದರಿಂದ ಏನು ಹೆಕ್ಕಿಕೊಳ್ಳಬಹುದು

2005ರ ಮಾರ್ಚ್ 26ಕ್ಕೆ ಬಿಬಿಸಿ ಸರಣಿಯನ್ನು ಮತ್ತೆ ಶುರುಮಾಡಿತು. ಈ ಸಲ ನೋಡಿದವರು ಒಂದು ಕೋಟಿಗೂ ಮೇಲೆ. ಆಗಿನ ತಂಡ 1996ರ ಸಿನಿಮಾ ನೋಡಿ ಪಾಠ ಕಲಿತು ಹೀಗೆ ಮಾಡಿತು ಅಂತ ನಾನು ಹೇಳುತ್ತಿಲ್ಲ. ಆದರೆ ಎರಡನ್ನೂ ಎದುರುಬದುರು ಇಟ್ಟರೆ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ.

2005ರ ಮೊದಲ ಕಂತು ಶುರುವಾಗುವುದು ಲಂಡನ್ನಿನ ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗಿಯಿಂದ. ಅಲಾರಾಂ ಹೊಡೆಯುತ್ತದೆ, ಏಳುತ್ತಾಳೆ, ಬಸ್ಸು ಹಿಡಿಯುತ್ತಾಳೆ, ಕೆಲಸ ಮಾಡುತ್ತಾಳೆ. ಸಂಜೆ ಅಂಗಡಿಯ ನೆಲಮಾಳಿಗೆಯಲ್ಲಿ ಗೊಂಬೆಗಳು ಅವಳ ಕಡೆಗೆ ನಡೆದು ಬರುತ್ತವೆ. ಒಬ್ಬ ಅವಳ ಕೈ ಹಿಡಿದು ಓಡು ಅನ್ನುತ್ತಾನೆ. ಅವನು ಯಾರು? ಅವಳಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ. ಹಿಂದಿನ ಡಾಕ್ಟರ್ ಹೇಗೆ ಸತ್ತ ಅನ್ನುವುದನ್ನು ತೋರಿಸಲೇ ಇಲ್ಲ. ನಾನು ಟೈಮ್ ಲಾರ್ಡ್ ಅಂತ ಅವನು ಹೇಳಿಕೊಂಡದ್ದು ಎರಡನೇ ಕಂತಿಗೆ. ಡೇಲೆಕ್ ಬಂದದ್ದು ಏಪ್ರಿಲ್ ಕೊನೆಗೆ. ದೇಹ ಬದಲಾಗುವ ಸಂಗತಿ ಆ ಸೀಸನ್ನಿನ ಕೊನೆಯ ಕಂತಿಗೆ, ಜೂನ್‌ನಲ್ಲಿ. ಗ್ಯಾಲಿಫ್ರೇ ಎಂಬ ಹೆಸರನ್ನು ಬಾಯಿಬಿಟ್ಟು ಹೇಳಿದ್ದು 2006ರ ಕ್ರಿಸ್‌ಮಸ್ ಕಂತಿನಲ್ಲಿ. ಮಾಸ್ಟರ್ ಬರುವಷ್ಟರಲ್ಲಿ 2007 ಆಗಿತ್ತು.

ಅಂದರೆ 1996ರಲ್ಲಿ ಮೊದಲ ಇಪ್ಪತ್ತು ನಿಮಿಷಕ್ಕೆ ತುಂಬಿದ ಸಾಮಾನನ್ನು ಇವರು ಎರಡು ವರ್ಷಕ್ಕೂ ಹೆಚ್ಚು ಕಾಲ ಇಟ್ಟುಕೊಂಡು ಉಂಡರು.

ಇದು ನ್ಯಾಯವಾದ ಹೋಲಿಕೆಯೇ ಅಂತ ಯಾರಾದರೂ ಕೇಳಬಹುದು. ಇವರ ಹತ್ತಿರ ಹದಿಮೂರು ಕಂತು ಇತ್ತು, ಅವರ ಹತ್ತಿರ 89 ನಿಮಿಷ. ಒಪ್ಪುತ್ತೇನೆ. ಆದರೆ ಜಾಗ ಕಡಿಮೆ ಇದ್ದರೆ ಸಾಮಾನು ಕಡಿಮೆ ತರಬೇಕು, ಅಲ್ವಾ? ಸಣ್ಣ ಮನೆಗೆ ಹೋಗುವಾಗ ಅಜ್ಜಿಯ ಕಾಲದ ಮಂಚ, ಬೀರು, ಒರಳುಕಲ್ಲು ಎಲ್ಲವನ್ನೂ ಲಾರಿಗೆ ಹೇರಿದರೆ ಬಾಗಿಲಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಒಂದೇ ರಾತ್ರಿಯ ಸಿನಿಮಾ ಅಂದಮೇಲೆ ವೈರಿ ಹೊಸಬನಾಗಿದ್ದರೂ ನಡೆಯುತ್ತಿತ್ತು. ಹಿಂದಿನ ಜಗಳದ ಲೆಕ್ಕ ಕೊಡುವ ಕೆಲಸ ಅಲ್ಲಿಗೆ ತಪ್ಪುತ್ತಿತ್ತು.

ಬೇಸರದ ಸಂಗತಿ ಅಂದರೆ ಆ ಬಟ್ಟೆ ಅಂಗಡಿಯ ಹುಡುಗಿಯಂಥ ಪಾತ್ರ 1996ರಲ್ಲೂ ಕೈಯಲ್ಲೇ ಇತ್ತು. ಗ್ರೇಸ್. ಆಪೆರಾದ ಅಂಗಳದಲ್ಲಿ ಪೇಜರ್ ಕೂಗಿದಲ್ಲಿಂದ ಕಥೆ ಶುರುವಾಗಿದ್ದಿದ್ದರೆ? ಆಕೆಯ ಜೊತೆ ನಾವೂ ಓಡಿ ಬರುತ್ತಿದ್ದೆವು. ಎಕ್ಸ್‌ರೇ ನೋಡಿ ನಾವೂ ಅದು ಫಿಲ್ಮಿನ ದೋಷ ಅಂದುಕೊಳ್ಳುತ್ತಿದ್ದೆವು. ರೋಗಿ ಸತ್ತಾಗ ನಮ್ಮ ಕೈಯಲ್ಲೇ ಸತ್ತ ಹಾಗೆ ಅನ್ನಿಸುತ್ತಿತ್ತು. ಆಸ್ಪತ್ರೆಯ ಮುಖ್ಯಸ್ಥ ಹೆಸರು ಕೆಡುತ್ತದೆ ಅಂತ ಆ ಎಕ್ಸ್‌ರೇಯನ್ನು ಸುಟ್ಟುಹಾಕುವ ದೃಶ್ಯ ಸಿನಿಮಾದಲ್ಲಿ ಇದೆ. ಆಕೆ ಅಲ್ಲೇ ಕೆಲಸ ಬಿಟ್ಟು ಹೊರಡುತ್ತಾಳೆ. ಎಷ್ಟು ಸೊಗಸಾದ ತಿರುವು! ಸುಟ್ಟುಹೋದ ಆ ಫಿಲ್ಮ್ ಮಾತ್ರವೇ ಸಾಕ್ಷಿ ಆಗಿದ್ದಿದ್ದರೆ ನಮಗೂ ಹೊಟ್ಟೆ ಉರಿಯುತ್ತಿತ್ತು. ಆಮೇಲೆ ಯಾವನೋ ಅಪರಿಚಿತ, ಬೇರೆ ಮುಖದವನು, ಅವಳ ಕಾರಿನಲ್ಲಿ ಬಂದು ಕೂತು ನಾನೇ ಆ ರೋಗಿ ಅಂದಾಗ ನಮಗೂ ಅವಳಿಗೂ ಒಂದೇ ಭಯ, ಒಂದೇ ಅನುಮಾನ.

ಈ ದೃಶ್ಯಗಳೆಲ್ಲ ಸಿನಿಮಾದಲ್ಲಿ ಇವೆ ಅನ್ನುವುದೇ ಮುಖ್ಯ. ಹೊಸದಾಗಿ ಏನೂ ಚಿತ್ರೀಕರಿಸಬೇಕಾಗಿರಲಿಲ್ಲ. ಮೊದಲ ಕೆಲವು ನಿಮಿಷ ತೆಗೆದು, ಹಿನ್ನೆಲೆ ದನಿ ಬಾಯಿ ಮುಚ್ಚಿದ್ದರೆ ಸಾಕಿತ್ತು. ಮೆಕಾಯ್‌ಗೆ ಬೀಳ್ಕೊಡುಗೆಯೂ ಸಿಗುತ್ತಿತ್ತು. ಹೆಸರಿಲ್ಲದ ರೋಗಿಯಾಗಿ ಅವರು ಸತ್ತಿದ್ದರೆ ಅಭಿಮಾನಿಗಳು ಇನ್ನೂ ಜಾಸ್ತಿ ಅಳುತ್ತಿದ್ದರು ಅಂತ ನನ್ನ ಅನಿಸಿಕೆ.

ಡಾಕ್ಟರ್ ಗ್ರೇಸ್‌ಗೆ ಮುತ್ತಿಟ್ಟದ್ದಕ್ಕೆ ಆಗ ಆದ ಗಲಾಟೆಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ಬ್ರಹ್ಮಚಾರಿಯಂತಿದ್ದ ಡಾಕ್ಟರ್ ಹೀಗೆ ಮಾಡಬಹುದೇ ಅಂತ ಹಳೇ ಅಭಿಮಾನಿಗಳು ಸಿಡಿದೆದ್ದರು. 2005ರ ಮೇಲೆ ಬಂದ ಡಾಕ್ಟರ್‌ಗಳು ಸಾಕಷ್ಟು ಮುತ್ತು ಕೊಟ್ಟರು, ತಗೊಂಡರು. ಯಾರಿಗೂ ಭೂಮಿ ಬಾಯ್ಬಿಡಲಿಲ್ಲ. ಹಳೇ ಅಭಿಮಾನಿಗೆ ಯಾವುದು ನೋವಾಗುತ್ತದೆ ಅಂತ ಹೆದರಿ ಬರೆಯುವುದು ಎಷ್ಟು ವ್ಯರ್ಥ ಅನ್ನುವುದಕ್ಕೆ ಇದೊಂದು ಸಣ್ಣ ಸಾಕ್ಷಿ. ಸಿಟ್ಟಾದವರು ಬಿಟ್ಟು ಹೋಗಲಿಲ್ಲ. ಬಿಟ್ಟು ಹೋದವರು ಸಿಟ್ಟಾಗುವಷ್ಟೂ ಅರ್ಥ ಮಾಡಿಕೊಳ್ಳದವರು. ಮೇ 14ರ ರಾತ್ರಿ ವಾಹಿನಿ ಬದಲಾಯಿಸಿದ ಅಮೆರಿಕದವರಿಗೆ ಮುತ್ತಿನ ಬಗ್ಗೆ ದೂರು ಇರಲಿಲ್ಲ.

ವೆಬ್ ಸರಣಿಯೋ ಧಾರಾವಾಹಿಯೋ ಮಾಡಿ, ಅದರಿಂದ ಒಂದು ಬಿಡಿ ಸಿನಿಮಾ ಹೊರತರಬೇಕು ಅಂತ ಓಡಾಡುವವರು ನಮ್ಮಲ್ಲೂ ಇದ್ದಾರೆ. ಅವರು ಕರಡನ್ನು ಹಿಡಿದು ಇಷ್ಟು ಮಾಡಿ ನೋಡಬಹುದು. ಮೊದಲ ಐದು ಪುಟದಲ್ಲಿ ಬರುವ ಹೆಸರುಗಳನ್ನು ಎಣಿಸಿ: ಊರಿನ ಹೆಸರು, ಕುಲದ ಹೆಸರು, ವೈರಿಯ ಹೆಸರು. ಸರಣಿ ನೋಡದ ಒಬ್ಬರ ಕೈಗೆ ಕೊಟ್ಟು ಎಲ್ಲಿ ಓದು ನಿಲ್ಲಿಸಿದರು ಅಂತ ಗುರುತು ಹಾಕಿಸಿ. ಅದಕ್ಕೂ ಮೊದಲು ಒಪ್ಪಂದದಲ್ಲಿ ಒಂದು ಸಾಲು ಹುಡುಕಿ: ಇದು ಒಂದು ಕಡೆ ಗೆದ್ದು ಇನ್ನೊಂದು ಕಡೆ ಸೋತರೆ ಮುಂದಿನ ಮಾತು ಯಾರದು?

ಕೊನೆಯದಾಗಿ ಒಂದು ಸಂಗತಿ. 2013ರ ನವೆಂಬರ್ 14ರಂದು, ಸರಣಿಗೆ ಐವತ್ತು ತುಂಬುವ ಹೊತ್ತಿಗೆ, ಬಿಬಿಸಿ ಏಳು ನಿಮಿಷದ ಒಂದು ಕಿರುಚಿತ್ರ ಬಿಟ್ಟಿತು. ಅದರಲ್ಲಿ ಯಾರಿದ್ದಾರೆ ಅಂತ ನೋಡುಗರಿಗೆ ಮೊದಲೇ ಸುಳಿವು ಕೊಟ್ಟಿರಲಿಲ್ಲ. ಅದು ಶುರುವಾಗುವುದು ಒಬ್ಬ ಹೆಣ್ಣುಮಗಳಿಂದ. ಅವಳ ಅಂತರಿಕ್ಷ ನೌಕೆ ಕೆಳಗೆ ಬೀಳುತ್ತಿದೆ. ಒಳಗೆ ಅವಳೊಬ್ಬಳೇ. ಸಹಾಯಕ್ಕೆ ಕೂಗಿದರೆ ನೌಕೆಯ ಕಂಪ್ಯೂಟರ್ ಅವಳು ಡಾಕ್ಟರನ್ನು ಕೇಳುತ್ತಿದ್ದಾಳೆ ಅಂದುಕೊಳ್ಳುತ್ತದೆ. ಅವಳು ಬೇಡ ಅನ್ನುತ್ತಿರುವಾಗ ಹಿಂದಿನಿಂದ ಒಂದು ದನಿ ಕೇಳುತ್ತದೆ. ತಿರುಗಿ ನೋಡಿದರೆ ಪಾಲ್ ಮೆಕ್‌ಗ್ಯಾನ್. ಹದಿನೇಳು ವರ್ಷದ ಮೇಲೆ ಬಂದಿದ್ದಾರೆ, ಒಂದು ನಿಮಿಷವೂ ತಡ ಮಾಡಿಲ್ಲ.